ಗೌಸ್ ಚಾಚಾನ ಕರುಣೆ

ಬೈಯದೆ ಯಾರ ಎಂಜಿನ್ನನ್ನೂ ಮುಟ್ಟಿದವರಲ್ಲ ನಮ್ಮ ಗೌಸ್ ಚಾಚಾ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಅವರ ಬೋರಿಂಗ್ ಅಂಗಡಿ. ಹಳೆಯ ಕಾರುಗಳ ಸವೆದ ಸಿಲಿಂಡರ್ ಕೊರೆದು, ಇನ್ನಷ್ಟು ದೊಡ್ಡ ಪಿಸ್ಟನ್ ಕೂರುವಂತೆ ಮಾಡುವುದು ಅವರ ಕಸುಬು. ಪಿಸ್ಟನ್ ತಾರದೆ ಬಂದವರಿಗೆ ಬಾಗಿಲಲ್ಲೇ ಮಂಗಳಾರತಿ.

"ಕಾಲು ನೋಡ್ದೆ ಚಪ್ಪಲಿ ಹೊಲಿಯೋಕೆ ನಾನೇನ್ ಪಾಗಲ್ಲಾ? ಚಲೋ, ಪಿಸ್ಟನ್ ತಗೊಂಡ್ ಬನ್ನಿ!"

ಡಬ್ಬಿಯ ಮೇಲೆ ಬರೆದ ಅಳತೆಯನ್ನು ಅವರು ನಂಬುತ್ತಿರಲಿಲ್ಲ. ಒಂದೊಂದು ಪಿಸ್ಟನ್ನನ್ನೂ ತಾವೇ ಅಳೆದು, ಅದಕ್ಕೆ ತಕ್ಕಂತೆ ಕೊರೆಯುತ್ತಿದ್ದರು. ಒಮ್ಮೆ ಯಾರೋ ದೊಡ್ಡ ಮನುಷ್ಯ, ಸೈಜ್ ಫೋನಲ್ಲೇ ಹೇಳಿಸ್ತೀನಿ, ಅರ್ಜೆಂಟು ಅಂದನಂತೆ. "ಹಂಗಾದ್ರೆ ಫೋನನ್ನೇ ಎಂಜಿನ್‌ಗೆ ಹಾಕ್ಕೊಳಿ" ಎಂದು ಚಾಚಾ ಅವನನ್ನು ಅಟ್ಟಿದ್ದರು. ಇದನ್ನು ಹೇಳಿ ಹೇಳಿ ನಗುತ್ತಿದ್ದವರು ನಮ್ಮಪ್ಪ. ಜೀವನ್ ಬಿಮಾ ನಗರದಿಂದ ಭಾನುವಾರ ಭಾನುವಾರ ಕಾರಿನ ನೆಪ ಹೂಡಿ ಹೋಗಿ, ಆ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿದು, ಚಾಚಾನ ಜೊತೆ ಜಗಳವಾಡಿ ಬರುತ್ತಿದ್ದರು.

ಆಮೇಲೆ ಅಪ್ಪ ಹಾಸಿಗೆ ಹಿಡಿದರು. ಡಾಕ್ಟರು ಕೈ ಚೆಲ್ಲಿದರು. ಅಪ್ಪನಿಗೆ ಉಳಿದದ್ದು ಒಂದೇ ಆಸೆ: ಹೊಗೆ ಕಾರಿ ನಿಂತುಹೋಗಿದ್ದ ತಮ್ಮ ಕಾರಿನಲ್ಲಿ ಹಲಸೂರು ಕೆರೆಯ ಸುತ್ತ ಒಂದು ರೌಂಡು. ಎಂಜಿನ್ ಬಿಚ್ಚಿಸಿ ಚಾಚಾನ ಅಂಗಡಿಗೆ ಕಳಿಸಿದೆ. ಪಿಸ್ಟನ್‌ಗಳು ಕೊಯಮತ್ತೂರಿನಿಂದ ಬರಬೇಕಿತ್ತು. ಕಾಯಲು ನಾನು ಸಿದ್ಧಳಿದ್ದೆ.

ಅಪ್ಪನನ್ನು ನೋಡಲು ಚಾಚಾ ಮನೆಗೆ ಬಂದರು. ಅಪ್ಪ ಅವರ ಕೈ ಹಿಡಿದು, "ಯಾವಾಗಯ್ಯಾ ಗೌಸ್?" ಎಂದರು, ಅಷ್ಟೇ. ಚಾಚಾ ಅಂಗಡಿಗೆ ಹೋದವರೇ ಕೊಯಮತ್ತೂರಿಗೆ ಫೋನ್ ಮಾಡಿ, ಅಳತೆ ಕೇಳಿಕೊಂಡು, ಕೊರೆದೇಬಿಟ್ಟರು.

ವಾರದೊಳಗೆ ಪಿಸ್ಟನ್ ಬಂದವು. ಹೇಳಿದ ಅಳತೆಗಿಂತ ಕೂದಲೆಳೆಯಷ್ಟು ಸಣ್ಣವು. ಎಲ್ಲವೂ ಲೊಡಲೊಡ.

"ಗಲತಿ ಆಗೋಯ್ತು ಬೇಟಿ. ಈಗ ಒಳಗೆ ಲೈನರ್ ಅಂತ ಹೊಸ ಕೊಳವೆ ಕೂರಿಸಿ ಮತ್ತೆ ಕೊರೀಬೇಕು. ಟೈಮ್ ಆಗುತ್ತೆ."

ಆ ಟೈಮ್ ಅಪ್ಪನ ಹತ್ತಿರ ಇರಲಿಲ್ಲ. ಲೈನರ್ ಬರುವ ಮೊದಲೇ ಹೊರಟುಹೋದರು.

ಊರಿಗೆಲ್ಲ ಬೈದ ಬಾಯಿ ನಮಗೊಬ್ಬರಿಗೆ ಯಾಕೆ ಬೈಯಲಿಲ್ಲ? ಈ ಕರುಣೆಯನ್ನು ಇವರ ಹತ್ತಿರ ಕೇಳಿದವರಾರು? ಆ ಒಂದು ವಾರ ಎಂದಿನ ಹಾಗೆ ಸಿಡುಕಿಕೊಂಡು ಸುಮ್ಮನಿದ್ದಿದ್ದರೆ ಅಪ್ಪ ಕೆರೆ ನೋಡಿರುತ್ತಿದ್ದರು. ಒಳ್ಳೆಯತನವಂತೆ, ಮಣ್ಣು! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೆಲಸವನ್ನೇನೋ ಚೆನ್ನಾಗಿಯೇ ಮುಗಿಸಿಕೊಟ್ಟರು. ಕಾರು ಸ್ಟಾರ್ಟಾದ ದಿನ ನಮ್ಮ ಗೇಟಿನ ಹತ್ತಿರ ನಿಂತು, ತಲೆ ತಗ್ಗಿಸಿ ಎಂಜಿನ್ ಸದ್ದು ಕೇಳಿದರು. ಸದ್ದು ಸರಿಯಾಗಿತ್ತು. ಮುಂದಿನ ಬಾಗಿಲು ತೆಗೆದು, ಕೂತ್ಕೊಳ್ಳಿ ಚಾಚಾ ಎಂದೆ.

"ನಾನ್ ಹೆಂಗೆ ಕೂತ್ಕೊಳ್ಲಿ ಬೇಟಿ? ಮೊದ್ಲು ಸಾಬ್ ಕೂತ್ಕೋಬೇಕಿತ್ತು."

ಅದೇ ಕೊನೆಯ ಭೇಟಿ. ಮುಂದಿನ ರಂಜಾನ್ ಹೊತ್ತಿಗೆ ಅವರೂ ಇರಲಿಲ್ಲ. ಇನ್ನೊಂದು ಸಲ ಕರೆದಿದ್ದರೆ ಅವತ್ತು ಕೂರುತ್ತಿದ್ದರೇನೋ. ನಾನು ಕರೆಯಲಿಲ್ಲ. ಬಾಗಿಲು ಹಾಕಿಕೊಂಡು ಕೆರೆಯ ಕಡೆಗೆ ಒಬ್ಬಳೇ ಹೊರಟೆ.