ತಂಗಿಯ ಮನೆಯ ನೀರು

ನವಲಗುಂದ, ಸೆಪ್ಟೆಂಬರ್ ೧೯೭೪

ನಿನ್ನೆ ಸಂಜೆಯದನ್ನೇ ಬರೆಯುತ್ತಿದ್ದೇನೆ, ಆದರೂ ಎಲ್ಲ ಸರಿಯಾಗಿ ನೆನಪಿದೆ ಎಂದು ಹೇಳಲಾರೆ. ಬಸ್ಸಿನಲ್ಲಿ ಸಿಕ್ಕ ಅಜ್ಜಿ ಇಳಿದ ಹಳ್ಳಿಯ ಹೆಸರು ಆಗಲೇ ಮರೆತುಹೋಗಿದೆ. ಅವರ ಕೈ ನಡುಗುತ್ತಿದ್ದುದು ಮಾತ್ರ ನಿಜ.

ಅಣ್ಣಿಗೇರಿಯಲ್ಲಿ ಬಸ್ಸು ಹತ್ತಿದ ಮುಸ್ಲಿಂ ಅಜ್ಜಿ ನನ್ನ ಮತ್ತು ಸೋದರತ್ತೆಯ ಪಕ್ಕ ಕುಳಿತರು. ನಡುಕ ನೋಡಿ ಅತ್ತೆ ನೀರಿನ ತಂಬಿಗೆ ಚಾಚಿದರು.

"ಬ್ಯಾಡ್ರೀ ಬಾಯಾರ, ರೋಜಾ ಐತಿ."

"ಒಂದು ಗುಟುಕು ಕುಡೀರಿ. ನಾವೇನು ಮಸೂತಿಗೆ ಹೋಗಿ ಹೇಳ್ತೀವೇನು?"

ಅಜ್ಜಿ ನಕ್ಕರು. "ನೀರಡಿಕಿಗೆ ನಡಗಾಕತ್ತಿಲ್ರಿ. ತಂಗಿ ಜೋಡಿ ಮಾತು ಬಿಟ್ಟು ಒಂಬತ್ತು ವರ್ಷ ಆತು. ಮನಸಿನ್ಯಾಗ ಸಿಟ್ಟು ಇಟ್ಕೊಂಡು ಬರೇ ಹೊಟ್ಟಿ ಕಟ್ಟಿದ್ರ ಅದೆಂಥಾ ರೋಜಾ? ಇವತ್ತು ಅಕಿ ಮನೀ ನೀರು ಕುಡದು ಉಪಾಸ ಬಿಡೂಣಂತ ಹೊಂಟೀನಿ. ಅಕಿ ಬಾಗಲಾನ ತೆಗೀಲಿಲ್ಲಂದ್ರ?"

ಅವರ ಗಂಟಿನಲ್ಲಿ ತಂಗಿಗೆಂದು ಖರ್ಜೂರವಿತ್ತು, ನೀರಿರಲಿಲ್ಲ. ಕೈಯಲ್ಲಿ ನೀರಿದ್ದರೆ ಹಾದಿಯಲ್ಲೇ ಉಪವಾಸ ಬಿಟ್ಟು ಹಿಂತಿರುಗಿಬಿಡುತ್ತೇನೆಂಬ ಅಂಜಿಕೆಯಿಂದ ಬೇಕಂತಲೇ ಮನೆಯಲ್ಲಿ ಬಿಟ್ಟು ಬಂದಿದ್ದರಂತೆ.

ಹೊತ್ತು ಮುಳುಗಲು ಸ್ವಲ್ಪ ಇರುವಾಗ ಅವರ ಹಳ್ಳಿ ಬಂತು. ಇಳಿದು ಹತ್ತು ಹೆಜ್ಜೆ ನಡೆದವರು ಅಲ್ಲೇ ನಿಂತುಬಿಟ್ಟರು. ಅವರು ಮುಂದೆ ಹೋದರೋ, ಹಿಂದೆ ಬಂದರೋ ಕಾಣುವ ಮೊದಲೇ ಬಸ್ಸು ಹೊರಟಿತು.

ನನ್ನ ಅವ್ವನ ಜೊತೆ ಅತ್ತೆ ಮಾತು ಬಿಟ್ಟು ಆರು ವರ್ಷವಾಗಿದೆ. ಬಹಳ ಹೊತ್ತು ಅಂಜಿ, ಕೊನೆಗೆ ಕೇಳಿಬಿಟ್ಟೆ.

"ಅತ್ತೀ, ಅವ್ವನ ಜೋಡಿ ನೀ ಮಾತು ಬಿಟ್ಟಿದ್ದು ಸಿಟ್ಟಿಗೋ, ಹೆದರಿಕಿಗೋ?"