ಹಿಂದುಮುಂದಾದ ಸ್ವೆಟರ್

“ಆ ಮಗೀಗೆ ಸ್ವೆಟರ್ ಹಿಂದುಮುಂದಾಗಿ ಹಾಕವ್ನೆ ನೋಡು. ಹೆತ್ತೋರು ಹಂಗೆ ಹಾಕ್ತಾರಾ?”

ಹೊಸೂರು ಬಸ್ ನಿಲ್ದಾಣದಲ್ಲಿ ಹೆಣಿಗೆ ನಿಲ್ಲಿಸಿ ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಅಳುವ ಹಸುಗೂಸನ್ನು ಎತ್ತಿಕೊಂಡ ಯುವಕನೊಬ್ಬ ಅತ್ತಿತ್ತ ನೋಡುತ್ತ ಸರಸರ ನಡೆಯುತ್ತಿದ್ದ. ಬೆನ್ನಿಗೆ ಬರಬೇಕಾದ ಕಟ್ಟುದಾರ ಮಗುವಿನ ಎದೆಯ ಮೇಲಿತ್ತು. ನೆಂಟರಿಷ್ಟರ ಕೂಸುಗಳಿಗೆಲ್ಲ ಸ್ವೆಟರ್ ಹೆಣೆದುಕೊಡುವ ಅಮ್ಮನ ಕಣ್ಣು ತಪ್ಪುವುದಿಲ್ಲ ಎಂದು ನಂಬಿ, ಓಡಿಹೋಗಿ ಅವನ ತೋಳು ಹಿಡಿದೆ. ಮಗುವಿನ ತಾಯಿ ಎಲ್ಲಿ ಎಂದು ಕೇಳಿದರೆ ತಡವರಿಸಿದ. ಯಾರೋ “ಮಕ್ಕಳ ಕಳ್ಳ” ಅಂದರು. ಜನ ಮುತ್ತಿಕೊಂಡು ಹೊಡೆಯತೊಡಗಿದರು. ಅವನು ಮಗುವಿನ ಮೇಲೆ ಬಾಗಿ ಏಟುಗಳನ್ನೆಲ್ಲ ಬೆನ್ನಿಗೆ ತೆಗೆದುಕೊಂಡ.

ಅಷ್ಟರಲ್ಲಿ ಶೌಚಾಲಯದ ಕಡೆಯಿಂದ ಒಬ್ಬ ಹೆಂಗಸು ಓಡಿಬಂದಳು. “ಬಿಡ್ರಣ್ಣಾ, ನನ್ನ ಗಂಡ ಅವ್ರು. ಮಗ ಕಕ್ಕೊಂಡ ಅಂತ ಬಟ್ಟೆ ಬದಲಾಯ್ಸವ್ರೆ. ಅವ್ರಿಗೆ ಅದನ್ನ ಹಾಕೋದು ಎಲ್ಲಿ ಗೊತ್ತಾಯ್ತದೆ?”

ಜನ ಚದುರಿದರು. ಅವಳು ಇನ್ನೊಂದು ನಿಮಿಷ ತಡವಾಗಿ ಬಂದಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ಅವನ ಮೇಲೆ ಮೊದಲು ಕೈಹಾಕಿದ್ದು ನಾನೇ. ಕ್ಷಮೆ ಕೇಳಲು ಹತ್ತಿರ ಹೋದೆ. ಅವನು ಮಗುವನ್ನು ನನ್ನಿಂದ ದೂರದ ಹೆಗಲಿಗೆ ಬದಲಾಯಿಸಿಕೊಂಡ.