ಸಿಂಬಿಯ ಕೆಂಪು ದಾರ

ಹುಲ್ಡಾಳಿಗೆ ಒಂದು ಕೂಲಿ ಇನ್ನೂ ಬಾಕಿಯಿದೆ. ಬುಟ್ಟಿ ಹೊತ್ತದ್ದಕ್ಕೆ ತೂಕದ ಮೇಲೆ ಕೊಟ್ಟರು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಮ್ಮನ್ನೆಲ್ಲ ದಾರಿಗೆ ತಂದದ್ದಕ್ಕೆ ಯಾರೂ ಬಿಡಿಗಾಸು ಕೊಡಲಿಲ್ಲ.

ಮೊದಲ ಮಹಾಯುದ್ಧ ಮುಗಿದ ಮೇಲಿನ ಬಡ ವರ್ಷಗಳು. ನಮ್ಮ ಜೋಲಿಂಗನ್ ಊರಿನಲ್ಲಿ ಚಾಕು ಒಂದೇ ಸೂರಿನಡಿ ಹುಟ್ಟುತ್ತಿರಲಿಲ್ಲ. ವುಪ್ಪರ್ ಹೊಳೆಯಂಚಿನ ಸಾಣೆಮನೆಯಲ್ಲಿ ಗುಸ್ತಾವ್ ಅಲಗು ಮಸೆಯುತ್ತಿದ್ದ. ಗುಡ್ಡದ ಮೇಲೆ ನಾನು ಮರದ ಹಿಡಿ ಮಾಡುತ್ತಿದ್ದೆ. ಗಂಡ ಸತ್ತ ಅಡೆಲೆ ತನ್ನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಎರಡನ್ನೂ ಕೂಡಿಸಿ ಮೊಳೆ ಬಡಿಯುತ್ತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ ಇಟ್ಟುಕೊಂಡು ಹುಲ್ಡಾ ಈ ಮೂರು ಮನೆಗಳ ನಡುವೆ ಹತ್ತಿ ಇಳಿಯುತ್ತಿದ್ದಳು.

ಅಂಥ ಒಂದು ವಾರ ನಮ್ಮ ಕೈಲಿ ಮೂರು ಬಗೆಯ ಚಾಕುಗಳಿದ್ದವು: ಕಟುಕರವು, ಬ್ರೆಡ್ಡಿನವು, ಹಣ್ಣಿನವು. ಕೆಲಸ ಕೊಡುವ ವ್ಯಾಪಾರಿ ಅಡೆಲೆಗೆ ಖಡಾಖಂಡಿತವಾಗಿ ಹೇಳಿಹೋಗಿದ್ದ: ಶನಿವಾರಕ್ಕೆ ಒಂದು ಬಗೆಯಾದರೂ ಪೂರ್ತಿ ಕೈಸೇರದಿದ್ದರೆ ಅವಳ ಕೆಲಸ ಕಾರ್ಖಾನೆಗೆ ಹೋಗುತ್ತದೆ. ಇಬ್ಬರು ಮಕ್ಕಳ ತಾಯಿಗೆ ಬೇರೆ ಅನ್ನದ ದಾರಿ ಇರಲಿಲ್ಲ.

ನಾವೇನೂ ಸುಮ್ಮನೆ ಕೂತಿರಲಿಲ್ಲ. ದೊಡ್ಡ ಅಲಗಿಗೆ ಕೂಲಿ ಜಾಸ್ತಿಯೆಂದು ಗುಸ್ತಾವ್ ಕಟುಕರದನ್ನೇ ಮಸೆಯುತ್ತಿದ್ದ. ಸಣ್ಣದು ಬೇಗ ಮುಗಿಯುತ್ತದೆಂದು ನಾನು ಹಣ್ಣಿನ ಚಾಕುವಿನ ಹಿಡಿಗಳನ್ನೇ ಮಾಡುತ್ತಿದ್ದೆ. ಅಡೆಲೆಯ ಮೇಜಿನ ಒಂದು ಕಡೆ ಹಿಡಿಯಿಲ್ಲದ ಅಲಗು, ಇನ್ನೊಂದು ಕಡೆ ಅಲಗಿಲ್ಲದ ಹಿಡಿ. ಚಾಕು ಒಂದೂ ಇಲ್ಲ.

ಸೋಮವಾರ ಸಾಣೆಯವರು ಕಲ್ಲು ಮುಟ್ಟುವವರಲ್ಲ, ಅದು ಕುಡಿತದ ದಿನ. ಮಂಗಳವಾರ ಬೆಳಿಗ್ಗೆ ಹುಲ್ಡಾ ನನ್ನನ್ನೂ ಎಳೆದುಕೊಂಡು ಸಾಣೆಮನೆಗೆ ಇಳಿದಳು.

"ಗುಸ್ತಾವ್, ನೀನು ಮಸೆದಿದ್ದನ್ನ ಅಡೆಲೆ ನೆಕ್ಕಬೇಕೇನೋ? ಹಿಡಿ ಎಲ್ಲಿ?"

"ಇವನನ್ನ ಕೇಳು. ನನ್ನ ಕೆಲಸ ನಾನು ಮಾಡಿದೀನಿ."

"ನಾನೇನು ನಿದ್ದೆ ಮಾಡ್ತಿದ್ನಾ?" ಎಂದೆ ನಾನು.

"ಬಾಯ್ಮುಚ್ಕೊಳ್ರೋ ಇಬ್ರೂ! ಬ್ರೆಡ್ಡಿನ ಚಾಕು ಎಷ್ಟು ಬಾಕಿ ಇದೆ?"

ನನ್ನಲ್ಲಿ ಅದರ ಮರ ಆಗಲೇ ಕೊಯ್ದು ಇಟ್ಟಿತ್ತು. ಅವನಲ್ಲಿ ಅಲಗು ಅರ್ಧ ಮಸೆದು ಮೂಲೆಯಲ್ಲಿ ಬಿದ್ದಿತ್ತು. ಇಬ್ಬರಿಗೂ ಕಡಿಮೆ ಉಳಿದಿದ್ದ ಕೆಲಸ ಅದೊಂದೇ. ಹುಲ್ಡಾ ಸಿಂಬಿಯಿಂದ ಕೆಂಪು ಉಣ್ಣೆಯ ಎಳೆ ಕಿತ್ತು ಆ ಅಲಗಿನ ಕಟ್ಟಿಗೆ ಸುತ್ತಿದಳು, ಹಿಡಿಯ ಮರಕ್ಕೆ ಕಟ್ಟಲು ಇನ್ನೊಂದು ಎಳೆ ನನ್ನ ಕೈಗಿಟ್ಟಳು.

"ಕೆಂಪು ದಾರದ್ದು ಮುಗಿಯೋ ತನಕ ಬೇರೆ ಏನೂ ನನ್ನ ಬುಟ್ಟಿ ಹತ್ತಲ್ಲ. ಬೇಕಿದ್ರೆ ನೀವೇ ಹೊತ್ಕೊಂಡು ಗುಡ್ಡ ಹತ್ತಿ."

"ಬುಟ್ಟಿ ಹೊರೋಳು ಸಾಣೆಯವನಿಗೆ ಬುದ್ಧಿ ಹೇಳೋ ಕಾಲ ಬಂತಪ್ಪ!"

"ನಾನು ಹೇಳ್ದಿದ್ರೆ ಶನಿವಾರ ಹಸಿವಮ್ಮ ಬಂದು ಹೇಳ್ತಾಳೆ. ಅವಳ ಬಾಯಿ ನನ್ನದಕ್ಕಿಂತ ಕೆಟ್ಟದು."

ಗುಸ್ತಾವ್ ಉಗಿದ, ಬೈದ, ಕೊನೆಗೆ ಆ ಕಟ್ಟನ್ನೇ ಬಿಚ್ಚಿ ಮಸೆಯಲು ಕೂತ. ಹಿಡಿಗಳು ಗುರುವಾರ ಅಡೆಲೆಯ ಮೇಜು ಸೇರಿದವು, ಅಲಗುಗಳು ಶುಕ್ರವಾರ. ಶನಿವಾರ ವ್ಯಾಪಾರಿ ಒಂದೊಂದು ಚಾಕುವನ್ನೂ ಬೆಳಕಿಗೆ ಹಿಡಿದು ನೋಡಿದ, ತಪ್ಪು ಸಿಗದೆ ಮೂಗು ಮುರಿಯುತ್ತಲೇ ತೆಗೆದುಕೊಂಡು ಹೋದ. ಅಡೆಲೆಯ ಕೆಲಸ ಉಳಿಯಿತು. ನಮ್ಮ ಮೂರೂ ಮನೆಯ ಒಲೆ ಉರಿಯಿತು.

ಸಂಜೆ ಗುಸ್ತಾವ್ ಬಿಸಿ ಆಲೂಗಡ್ಡೆ ರೊಟ್ಟಿ ತಂದು ಹುಲ್ಡಾಳ ಮುಂದಿಟ್ಟ. ಥ್ಯಾಂಕ್ಸ್ ಹೇಳಿದರೆ ಅವನ ನಾಲಿಗೆ ಬಿದ್ದುಹೋಗುತ್ತಿತ್ತು.

"ತಿನ್ನು. ಮುಂದಿನ ವಾರ ಯಾವುದು ಮೊದಲು?"

ಮುಂದೆ ನಾವು ಮುಷ್ಕರ ಹೂಡಿ ದರಪಟ್ಟಿ ಗೆದ್ದೆವು. ಮಸೆಯುವುದಕ್ಕೆ, ಹಿಡಿಗೆ, ಮೊಳೆಗೆ, ಹೊರೆಗೆ, ಎಲ್ಲಕ್ಕೂ ಅದರಲ್ಲಿ ದರವಿತ್ತು. ಕೆಂಪು ದಾರಕ್ಕೆ ಇರಲಿಲ್ಲ. ಹುಲ್ಡಾ ಸಾಯುವವರೆಗೂ ಆ ಕೆಲಸ ಬಿಟ್ಟಿಯಾಗಿಯೇ ಮಾಡಿದಳು. ನಾನು ಉಂಡ ಅನ್ನದಲ್ಲಿ ಅವಳ ಪಾಲಿದೆ.

ನೀವು ದುಡಿಯುವ ಜಾಗದಲ್ಲೂ ಇಂಥವಳೊಬ್ಬಳು ಇದ್ದೇ ಇರುತ್ತಾಳೆ. ಮುಂದಿನ ಸಲ ಕೂಲಿಯ ಮಾತಿಗೆ ಕೂತಾಗ ಅವಳ ಕೆಲಸಕ್ಕೂ ದರ ಕೇಳಿ. ಕೊಡುವ ತನಕ ಎದ್ದು ಬರಬೇಡಿ.